ಕೆಂಪು ಹೆಸರಿನ ಕಡ್ಡಿಗಳು

ಪ್ಯೋ ಗಿಲ್‌ಸುವಿಗೆ ಗಿಡಗಳ ವಿಷಯ ಏನೇನೂ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಇನ್ನು ಎರಡು ವಾರದಲ್ಲಿ ಅರವತ್ತು ಮನೆಗಳ ಜನ ಅವನನ್ನು ಡಾಕ್ಟರ್ ಎಂದು ಕರೆಯಲಿದ್ದಾರೆ, ಆಮೇಲೆ ಮಾಟಗಾರ ಎನ್ನಲಿದ್ದಾರೆ, ಅದಾದ ಮೇಲೆ ಏನೆನ್ನಬೇಕೋ ತಿಳಿಯದೆ ಲಿಫ್ಟಿನಲ್ಲಿ ಗೋಡೆಗೆ ಒತ್ತಿ ನಿಂತು ದಾರಿ ಬಿಡಲಿದ್ದಾರೆ.

ಅವನು ಕಾವಲುಗಾರ. ಇಂಚಿಯಾನ್‌ನ ಹಳೇ ಬಂದರಿನ ಹಿಂದೆ ಹದಿನೈದು ಮಹಡಿಯ ಒಂದು ಕಟ್ಟಡ. ಅದರ ಬಾಗಿಲಲ್ಲಿ ಎರಡು ಹೆಜ್ಜೆ ಉದ್ದದ ಗೂಡು. ಗೂಡಿನಲ್ಲಿ ಒಂದು ದಿನ ಗಿಲ್‌ಸು, ಇನ್ನೊಂದು ದಿನ ತಾಕ್. ಚಳಿಗಾಲದಲ್ಲಿ ಸಮುದ್ರದ ಮಂಜು ಎದ್ದರೆ ಏಳನೇ ಮಹಡಿಯಿಂದ ಮೇಲೆ ಕಟ್ಟಡ ಇದೆಯೋ ಇಲ್ಲವೋ ಎಂದು ಗೂಡಿನಿಂದ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಬಟ್ಟೆ ಕೊಡವುವ ಸದ್ದು ಮಾತ್ರ ಇಳಿದು ಬರುತ್ತಿತ್ತು.

ಅವರ ನೌಕರಿಯ ಕರಾರು ಮೂರು ಮೂರು ತಿಂಗಳದು. ಈ ಸಲದ್ದು ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಬಾಗಿಲಿಗೆ ತಾನೇ ತೆರೆಯುವ ಗೇಟು, ಎಂಟು ಕ್ಯಾಮೆರಾ ಹಾಕಿಸಿ ಕಾವಲುಗಾರರನ್ನು ಕಳಿಸಿಬಿಡುವ ಮಾತು ನಿವಾಸಿಗಳ ಸಮಿತಿಯಲ್ಲಿ ಎದ್ದಿತ್ತು. ಇಪ್ಪತ್ತನೇ ತಾರೀಕು ಸಭೆ. ಅರವತ್ತನಾಲ್ಕು ವರ್ಷದ ಗಿಲ್‌ಸುವಿಗೆ ಇನ್ನೊಂದು ಗೂಡು ಸಿಗುವ ಹಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ, ಡಿಸೆಂಬರ್ ಮೊದಲ ವಾರ, ಮಹಿಳಾ ಸಂಘದ ಅಧ್ಯಕ್ಷೆ ಮೆಂಗ್ ಒಕ್‌ಜಾ ಒಂದು ಕುಂಡವನ್ನು ಎಳೇ ಮಗುವಿನ ಹಾಗೆ ಶಾಲಿನಲ್ಲಿ ಸುತ್ತಿಕೊಂಡು ಗೂಡಿನ ಕಿಟಕಿ ಬಡಿದಳು. ಒಳಗಿದ್ದದ್ದು ಸಕ್ಯುಲೆಂಟ್. ಎಲೆಯಲ್ಲೇ ನೀರು ತುಂಬಿಕೊಂಡು, ಹೂವಿನ ಆಕಾರದಲ್ಲಿ ದಪ್ಪಗೆ ಕೂರುವ ಗಿಡ. ಆ ಕಟ್ಟಡದಲ್ಲಿ ಅದನ್ನು ಸಾಕದ ಹೆಂಗಸೇ ಇರಲಿಲ್ಲ.

"ಪ್ಯೋ ಯಜಮಾನ್ರೇ, ಇದನ್ನ ಯಾವ ಡಬ್ಬಕ್ಕೆ ಹಾಕ್ಬೇಕು? ಅಡುಗೆ ಕಸಕ್ಕೋ, ಮಾಮೂಲಿ ಕಸಕ್ಕೋ?"

ಕೆಳಗಿನ ಎಲೆಗಳು ಗಾಜಿನ ಹಾಗೆ ಪಾರದರ್ಶಕವಾಗಿದ್ದವು. ಕಾಂಡ ಕಪ್ಪಗಾಗಿತ್ತು. ಮುಟ್ಟಿದರೆ ಬೆರಳು ಒಳಗೆ ಹೋಗುತ್ತಿತ್ತು. ಗಿಲ್‌ಸು "ಮಾಮೂಲಿ ಕಸ" ಎಂದು ಹೇಳಿ ಕಿಟಕಿ ಮುಚ್ಚಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೆಂಗ್ ಒಕ್‌ಜಾ ಕೈಯಲ್ಲಿ ಸಮಿತಿಯ ಐದು ಮತಗಳಿದ್ದವು.

"ಎಸೀತೀರಾ? ಇದಕ್ಕಿನ್ನೂ ಜೀವ ಇದೆ ಅಮ್ಮಾವ್ರೇ."

"ನಿಮಗೆ ಹೆಂಗೆ ಗೊತ್ತು?"

"ಗೊತ್ತಾಗದೇ ಏನು? ನಮ್ಮತ್ತಿಗೆ ಇದೇ ಗಿಡಗಳ ದೊಡ್ಡ ತೋಟ ಇಟ್ಟಿದ್ರು. ನಾನು ಎಷ್ಟು ಕೊಳೆ ರೋಗ ನೋಡಿಲ್ಲ!"

ಅತ್ತಿಗೆ ಇಟ್ಟಿದ್ದದ್ದು ನೂಡಲ್ಸ್ ಅಂಗಡಿ.

ಮೆಂಗ್ ಹೋದ ಮೇಲೆ ಅವನು ಫೋನಿನಲ್ಲಿ ಒಂದು ವಿಡಿಯೊವನ್ನು ಮೂರು ಸಲ ನೋಡಿದ. ಚಳಿಗಾಲದಲ್ಲಿ ಬಾಲ್ಕನಿಯ ಗಾಜು ಮುಚ್ಚಿ, ಪಾಪ ಬಾಯಾರಿರಬೇಕು ಎಂದು ನೀರು ಹಾಕುತ್ತಾರೆ. ತಣ್ಣಗಿನ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಕೊಳೆ ಕಾಂಡದ ನಡುವಿನಿಂದ ಸದ್ದಿಲ್ಲದೆ ಮೇಲೆ ಹತ್ತುತ್ತದೆ. ಇದಕ್ಕೆ ಔಷಧ ಒಂದೇ. ಕತ್ತು ಕೊಯ್ಯುವುದು. ಕೊಯ್ದ ಜಾಗದಲ್ಲಿ ಒಂದು ಕಂದು ಚುಕ್ಕೆ ಕಂಡರೂ ಇನ್ನೂ ಮೇಲಕ್ಕೆ ಕೊಯ್ಯಬೇಕು. ಚುಕ್ಕೆ ಇಲ್ಲದ ತನಕ ಕೊಯ್ಯುತ್ತಾ ಹೋಗಬೇಕು. ಆಮೇಲೆ ಗಾಯಕ್ಕೆ ಚಕ್ಕೆ ಪುಡಿ ಸವರಿ, ತಲೆಯನ್ನು ಒಣ ಜಾಗದಲ್ಲಿಟ್ಟು, ಬೇರು ಬರುವ ತನಕ ಒಂದು ತೊಟ್ಟು ನೀರು ಕೂಡ ಕೊಡದೆ ಕಾಯಬೇಕು.

ಗಿಲ್‌ಸು ರಟ್ಟು ಕೊಯ್ಯುವ ಬ್ಲೇಡನ್ನು ಲೈಟರಿನಲ್ಲಿ ಕಾಯಿಸಿದ, ಸೋಜು ಹೆಂಡದಲ್ಲಿ ಒರೆಸಿದ, ಉಳಿದ ಸೋಜುವನ್ನು ಧೈರ್ಯಕ್ಕೆ ಕುಡಿದ. ಕೊಯ್ದ. ನಾಲ್ಕನೇ ದಿನ ಮೆಂಗ್ ಬಂದು ನೋಡಿದಾಗ ತಲೆ ಗಟ್ಟಿಯಾಗಿ, ಹಸಿರಾಗಿ ಕೂತಿತ್ತು. "ಅಯ್ಯಯ್ಯೋ, ಇವರು ಕಾವಲುಗಾರರಲ್ಲ ಕಣ್ರೇ, ಡಾಕ್ಟ್ರು!" ಎಂದು ಅವಳು ಲಿಫ್ಟಿನಲ್ಲಿ ಹೇಳಿದಳು. ಆ ಲಿಫ್ಟಿನಲ್ಲಿ ಹೇಳಿದ್ದು ಸಂಜೆಯೊಳಗೆ ಹದಿನೈದೂ ಮಹಡಿಗೆ ತಲುಪುತ್ತಿತ್ತು.

ಮೂರು ದಿನದಲ್ಲಿ ಮೆಂಗ್‌ದೂ ಸೇರಿ ಗಿಡಗಳು ಇಪ್ಪತ್ತಾರಾದವು. ಗೂಡಿನಲ್ಲಿ ಕಾಲು ಚಾಚುವ ಜಾಗ ಹೋಯಿತು. ಗಿಲ್‌ಸು ಆಸ್ಪತ್ರೆಯನ್ನು ನೆಲಮಾಳಿಗೆಗೆ ಸಾಗಿಸಿದ. ಅಲ್ಲಿ ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ ಬಿಸಿನೀರಿನ ಕೊಳವೆಗಳು ಹಾದುಹೋಗಿದ್ದರಿಂದ ಯಾವಾಗಲೂ ಒಣ ಬೆಚ್ಚಗೆ. ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಸಾಲಾಗಿ ಇಟ್ಟ. ಒಂದೊಂದು ಗುಳಿಯಲ್ಲಿ ಒಂದೊಂದು ತಲೆ, ಚಕ್ಕೆ ಪುಡಿ ಬಳಿದ ಕತ್ತು ಕೆಳಗೆ. ಕತ್ತಿನಲ್ಲಿ ಪುಡಿ ಒಣಗಿ ಹೆಪ್ಪುಗಟ್ಟಿದ ರಕ್ತದ ಬಣ್ಣಕ್ಕೆ ತಿರುಗಿತ್ತು. ಪಂಪು ಶುರುವಾದಾಗಲೆಲ್ಲ ನೆಲ ನಡುಗಿ, ತಲೆಗಳೆಲ್ಲ ಒಟ್ಟಿಗೆ ಅಲ್ಲಾಡುತ್ತಿದ್ದವು, ಯಾರೋ ಕೇಳಿದ ಪ್ರಶ್ನೆಗೆ ಹೌದೆಂದ ಹಾಗೆ.

ಯಾರದು ಯಾವುದು ಎಂದು ತಿಳಿಯಲು ಐಸ್‌ಕ್ರೀಂ ಕಡ್ಡಿಯ ಮೇಲೆ ಹೆಸರು ಬರೆದು ಪಕ್ಕದಲ್ಲಿ ಚುಚ್ಚಬೇಕಾಯಿತು. ಕಪ್ಪು ಪೆನ್ನು ಚಳಿಗೆ ಒಣಗಿತ್ತು. ಇದ್ದದ್ದು ಅಳಿಸಲಾಗದ ಕೆಂಪು ಪೆನ್ನು.

ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆಯಬಾರದು. ಬರೆದರೆ ಆ ಹೆಸರಿನವನು ಹೊರಟ ಹಾಗೆಯೇ. ಇದು ಅಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು, ಗಿಲ್‌ಸುವಿಗೂ ಗೊತ್ತಿತ್ತು. ಆದರೆ ಅವನ ಕೈಗೆ ಗೊತ್ತಿರಲಿಲ್ಲ. ಆ ಕೈ ಇಪ್ಪತ್ತೊಂಬತ್ತು ವರ್ಷ ಬೂಸಾನ್‌ನ ಒಂದು ಚಪ್ಪಲಿ ಕಾರ್ಖಾನೆಯ ಕೊನೆಯ ಮೇಜಿನಲ್ಲಿ, ಸರಿಮಾಡಬಹುದಾದ ಷೂಗಳ ಮೇಲೆ ಕೆಂಪು ಗುರುತು ಹಾಕಿತ್ತು. ಗಿಲ್‌ಸು ಇಪ್ಪತ್ತಾರು ಹೆಸರನ್ನೂ ದುಂಡಗೆ ಬರೆದ. ಚೆನ್ನಾಗಿ ಕಾಣುತ್ತದೆ ಅಂದುಕೊಂಡ.

ಎರಡು ದಿನ ಬಿಟ್ಟು ಮಧ್ಯಾಹ್ನ ಮೆಂಗ್ ತನ್ನ ಗಿಡ ನೋಡಲು ತಾನೇ ನೆಲಮಾಳಿಗೆಗೆ ಇಳಿದಳು. ಗಿಲ್‌ಸು ಹೊರಗೆ ಹಿಮ ಗುಡಿಸುತ್ತಿದ್ದ. ಮೊದಲು ಒಂದು ಕಿರುಚು ಕೇಳಿಸಿತು. ಆಮೇಲೆ ಮೆಟ್ಟಿಲ ಮೇಲೆ ಓಟದ ಸದ್ದು. ಆಮೇಲೆ, ಮಂಜುಗಟ್ಟಿದ ಕೊನೆಯ ಮೆಟ್ಟಿಲಲ್ಲಿ, ಓಟ ನಿಂತ ಸದ್ದು.

ಮಣಿಕಟ್ಟು ಮುರಿದಿತ್ತು. ಆಂಬುಲೆನ್ಸಿಗೆ ಹತ್ತುವಾಗ ಅವಳು ಗಿಲ್‌ಸುವನ್ನು ನೋಡಿದ ನೋಟಕ್ಕೆ ಅವನು ಪೊರಕೆ ಕೆಳಗಿಟ್ಟ.

ಮರುದಿನ ಸಮಿತಿಯ ಅಧ್ಯಕ್ಷ ಬಾನ್ ದೊಂಗ್‌ಚೊಲ್‌ನ ಗಂಟಲು ಕಟ್ಟಿತು. ಬಾನ್ ಕನ್ನಡಕದ ಅಂಗಡಿಯವನು, ಒಂಬತ್ತನೇ ಮಹಡಿ, ಮೈಕಿಲ್ಲದೆ ಮೂರು ಮಹಡಿಗೆ ಕೇಳುವಂತೆ ಮಾತಾಡುವ ಗಂಡಸು. ಈಗ ಅವನಿಂದ ಗಾಳಿ ಮಾತ್ರ ಬರುತ್ತಿತ್ತು. ಅವನ ಹೆಸರೂ ಕಡ್ಡಿಯಲ್ಲಿತ್ತು. ಅದೇ ಸಂಜೆ ಹನ್ನೊಂದನೇ ಮಹಡಿಯವರ ಕಾರಿನ ಬ್ಯಾಟರಿ ಸತ್ತಿತು. ಡಿಸೆಂಬರಿನಲ್ಲಿ ಕಾರಿನ ಬ್ಯಾಟರಿ ಸಾಯುವುದು ವಿಶೇಷವೇನಲ್ಲ. ಆದರೆ ಆ ವಾರ ಆ ಕಟ್ಟಡದಲ್ಲಿ ಬ್ಯಾಟರಿಯೂ ಸುಮ್ಮನೆ ಸಾಯಲಿಲ್ಲ. ಕಾವಲುಗಾರರನ್ನು ತೆಗೆಯಬೇಕೆಂದವರ ಹೆಸರನ್ನೆಲ್ಲ ಪ್ಯೋ ಕೆಂಪಿನಲ್ಲಿ ಬರೆದು, ಒಬ್ಬೊಬ್ಬರ ಕತ್ತೂ ಕೊಯ್ದಿಟ್ಟಿದ್ದಾನೆ ಎಂಬ ಸುದ್ದಿ ಲಿಫ್ಟಿನಲ್ಲಿ ಹತ್ತಿತು, ಇಳಿಯಿತು. ಆ ಲಿಫ್ಟಿನಲ್ಲಿ ಅಪಶಕುನವೆಂದು ನಾಲ್ಕರ ಗುಂಡಿಗೆ ನಾಲ್ಕು ಎಂದು ಬರೆಯದೆ ಇಂಗ್ಲಿಷ್ ಅಕ್ಷರ ಹಾಕಿಸಿದ್ದರು. ಇಂಥ ಜನರ ಹೆಸರನ್ನು ಅವನು ಕೆಂಪಿನಲ್ಲಿ ಬರೆದಿದ್ದ.

ತಾಕ್ ಫೋನು ಮಾಡಿದ. "ಅಣ್ಣಾ, ನೀನು ಮಾಟ ಮಾಡ್ತಿದೀಯಂತೆ?"

"ಯಾವೋನೋ ಹೇಳಿದ್ದು?"

"ಎಲ್ಲಾರೂ. ಬೆಳಗ್ಗೆಯಿಂದ ಒಬ್ರೂ ಬೈದಿಲ್ಲ ನನ್ನ. ಪಾರ್ಸಲ್ ತಗೊಂಡು ಥ್ಯಾಂಕ್ಸ್ ಬೇರೆ ಅಂದ್ರು. ಅಣ್ಣಾ, ನಮ್ಮ ಬಾಮೈದನ ಹೆಸರೂ ಒಂದು ಕಡ್ಡೀಲಿ ಬರೀತೀಯಾ?"

ಹದಿನಾಲ್ಕನೇ ತಾರೀಕು ಬೆಳಗ್ಗೆ ನಿಯೋಗ ಇಳಿದು ಬಂತು. ಮುಂದೆ ಕೊರಳಿಗೆ ಮಫ್ಲರ್ ಸುತ್ತಿದ ಬಾನ್, ಪಕ್ಕದಲ್ಲಿ ಒಂದು ಬೋಗುಣಿ ಕಲ್ಲುಪ್ಪು ಹಿಡಿದ ಅವನ ಹೆಂಡತಿ, ಹಿಂದೆ ಪ್ಲಾಸ್ಟರ್ ಹಾಕಿದ ಕೈಯಿಂದ ಕೆಂಪು ಅಲಸಂದೆಯಂಥ ಕಾಳಿನ ಚೀಲ ಅವುಚಿಕೊಂಡ ಮೆಂಗ್. ದೆವ್ವ ಓಡಿಸಲು ಎರಡೂ ಆಗುತ್ತವೆ. ಇನ್ನುಳಿದ ಏಳೆಂಟು ಜನ ಬಾಗಿಲಾಚೆಯೇ ನಿಂತರು.

ಬಾನ್ ತಟ್ಟೆಗಳನ್ನು ನೋಡಿದ. ತನ್ನ ಕಡ್ಡಿ ಕಂಡಿತು. "ಇದೇನ್ರೀ ಇದು?" ಎಂದು ಪಿಸುಗುಟ್ಟಿದ. ಅವನ ಗರ್ಜನೆಗೇ ಹೆದರದಿದ್ದವರೂ ಆ ಪಿಸುಮಾತಿಗೆ ಹೆದರಿದರು.

"ಆಪರೇಷನ್ ಆಗಿರೋರು ಸಾರ್."

"ನನ್ನ ಹೆಸರು ಯಾಕೆ ಕೆಂಪಗಿದೆ?"

"ಕೆಂಪು ಅಂದ್ರೆ ಸರಿಹೋಗೋ ಅಂಥದ್ದು ಅಂತ. ಸರಿಹೋಗದೇ ಇರೋವಕ್ಕೆ ನಾನು ಹೆಸರೇ ಬರೆಯಲ್ಲ ಸಾರ್, ಚೀಲಕ್ಕೆ ಹಾಕ್ತೀನಿ."

"ಯಾವ ಚೀಲ?"

ಗಿಲ್‌ಸು ಮೂಲೆಯಲ್ಲಿದ್ದ ಕಪ್ಪು ಚೀಲ ತೋರಿಸಿದ. ಅದರೊಳಗೆ ಏನೋ ಮೆತ್ತಗೆ ಜಾರಿ ಕುಸಿಯಿತು. ಬಾನ್‌ನ ಹೆಂಡತಿ ಉಪ್ಪು ಎರಚಿದಳು. ಅರ್ಧ ಚೀಲಕ್ಕೆ ಬಿತ್ತು, ಅರ್ಧ ಗಂಡನ ಕಣ್ಣಿಗೆ ಬಿತ್ತು.

"ಈಗಲೇ ಅಳಿಸಿ!"

"ಅಳಿಸೋಕಾಗಲ್ಲ ಸಾರ್. ಒಳ್ಳೇ ಪೆನ್ನು."

"ಹಂಗಾದ್ರೆ ಸುಟ್ಟುಹಾಕಿ."

"ಸುಡೋದಾ?" ಮೆಂಗ್ ಚೀರಿದಳು. "ಕೆಂಪಲ್ಲಿ ಬರೆದ ಹೆಸರನ್ನ ಬೆಂಕಿಗೆ ಹಾಕ್ತೀರಾ? ಆಮೇಲೆ ಉಳಿಯೋದೇನು, ಬೂದಿ ಸಮುದ್ರಕ್ಕೆ ಬಿಡೋದೊಂದೇ!"

"ಮುರಿದರೆ?"

"ನಡ ಮುರಿಯುತ್ತೆ."

"ಮಣ್ಣಲ್ಲಿ ಹೂತರೆ?" ಎಂದ ಬಾಗಿಲಾಚೆಯ ಒಬ್ಬ. ಅವನನ್ನು ಎಲ್ಲರೂ ತಿರುಗಿ ನೋಡಿದ್ದರಿಂದ ಅವನು ಮಹಡಿ ಹತ್ತಿ ಹೋಗಿಬಿಟ್ಟ.

ಮನೆಗೆ ಒಯ್ಯಿರಿ ಎಂದರೆ ಯಾರೂ ಮುಟ್ಟಲು ತಯಾರಿಲ್ಲ. ಇಲ್ಲೇ ಬಿಡೋಣ ಎಂದರೆ ಪಂಪು ಶುರುವಾಗಿ ತಲೆಗಳೆಲ್ಲ ಹೌದು ಹೌದು ಎಂದವು. ಕೊನೆಗೆ ಮೆಂಗ್‌ಗೆ ಹದಿಮೂರನೇ ಮಹಡಿಯ ಬುನಿ ಅಜ್ಜಿಯ ನೆನಪು ಬಂತು. ಎಂಬತ್ತಾರು ವರ್ಷದ ಯುಕ್ ಬುನಿ, ಪ್ರಾಯದಲ್ಲಿ ದೈವ ಮೈಮೇಲೆ ಬರುವ ಒಬ್ಬ ದೊಡ್ಡ ಪೂಜಾರಿಣಿಯ ಜೊತೆ ಊರೂರು ತಿರುಗಿದವಳು. ಇಂಥದ್ದಕ್ಕೆಲ್ಲ ಅವಳೇ ಸುಪ್ರೀಂ ಕೋರ್ಟು.

ಅಜ್ಜಿಯನ್ನು ಎರಡು ಸ್ವೆಟರು, ಒಂದು ಕಂಬಳಿ ಸಮೇತ ಲಿಫ್ಟಿನಲ್ಲಿ ಇಳಿಸಿದರು. ಅವಳು ಕನ್ನಡಕ ಏರಿಸಿ ಕಡ್ಡಿಗಳನ್ನು ಒಂದೊಂದಾಗಿ ಓದುತ್ತ ಬಂದಳು. ಕೊನೆಯ ಸಾಲಿನಲ್ಲಿ ನಿಂತಳು.

"ಇದು ನಾನಲ್ವೇನೋ ಮಗಾ?"

"ಹೌದಜ್ಜಿ. ನಿಮ್ಮದು ಬೇಗ ವಾಸಿ ಆಗ್ತಿದೆ."

ಅಜ್ಜಿ ತನ್ನ ಕೆಂಪು ಹೆಸರನ್ನು ಬಹಳ ಹೊತ್ತು ನೋಡಿದಳು. ಕೊಳವೆಯೊಳಗೆ ಯಾವುದೋ ಮನೆಯ ನೀರು ಗೊಳ್ಳೆಂದು ಇಳಿದು ಹೋಯಿತು.

"ಯಾವ ದಡ್ಡ ಹೇಳಿದ್ದು ಇದನ್ನ ತೆಗೀಬೇಕು ಅಂತ?" ಎಂದಳು. "ಕರ್ಕೊಂಡು ಹೋಗೋಕೆ ಬರೋ ದೂತ ಬರಿಗೈಲಿ ಬರಲ್ಲ, ಪಟ್ಟಿ ಹಿಡ್ಕೊಂಡು ಬರ್ತಾನೆ. ಬಂದು ನೋಡ್ತಾನೆ, ಹೆಸರು ಆಗಲೇ ಕೆಂಪಗಿದೆ. ಕತ್ತೂ ಕೊಯ್ದಾಗಿದೆ. ಓ, ಇವರನ್ನ ನಮ್ಮೋನು ಯಾವನೋ ಆಗಲೇ ಕರ್ಕೊಂಡು ಹೋಗಿದಾನೆ ಅಂತ ವಾಪಸ್ ಹೋಗ್ತಾನೆ. ಗಿಡ ಮಾತ್ರ ಸಾಯಬಾರದು. ಗಿಡ ಸತ್ತರೆ ಅವನಿಗೆ ಅನುಮಾನ ಬರುತ್ತೆ. ಸರಿ, ಮೇಲೆ ಕರ್ಕೊಂಡು ಹೋಗಿ ನನ್ನ."

ಮೆಂಗ್ ಕಾಳಿನ ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

"ನಮ್ಮ ಯಜಮಾನರ ಹೆಸರಲ್ಲಿ ಗಿಡ ಇಲ್ವಲ್ಲ," ಎಂದಿತು ಬಾಗಿಲಾಚೆಯ ಒಂದು ದನಿ.

ಆಮೇಲೆ ನಡೆದದ್ದನ್ನು ತಡೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಕೊಳೆತ ಗಿಡ ಇದ್ದವರು ತಂದರು; ಆಮೇಲೆ ಚೆನ್ನಾಗಿದ್ದ ಗಿಡದವರೂ ತಂದರು. "ಇದಕ್ಕೇನೂ ಆಗಿಲ್ಲ ಅಮ್ಮಾ" ಎಂದು ಗಿಲ್‌ಸು ಹೇಳಿದರೆ, "ಕೊಯ್ಯಿರಿ ಅಂದ್ರೆ ಕೊಯ್ಯಿರಿ, ನಮ್ಮದೇನು ಕತ್ತಲ್ವಾ?" ಎಂದು ಜಗಳಕ್ಕೆ ಬಂದರು. ಎರಡನೇ ಮಹಡಿಯ ಒಬ್ಬಳು ಅತ್ತೆಯ ಹೆಸರಿಗೆ ಗಿಡ ತಂದು, "ಇದನ್ನ ಸ್ವಲ್ಪ ಬಾಗಿಲ ಹತ್ರ ಇಡಿ, ಚಳಿಗಾಳಿ ಬೀಸೋ ಕಡೆ" ಎಂದು ಕಿವಿಯಲ್ಲಿ ಹೇಳಿ ಹೋದಳು. ಹದಿನೇಳನೇ ತಾರೀಕಿಗೆ ತೊಂಬತ್ತೊಂದು ತಲೆಗಳಾದವು. ಜನ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನೆಲಮಾಳಿಗೆಗೆ ಇಳಿದು, ತಮ್ಮ ಹೆಸರಿನ ಮುಂದೆ ಒಂದು ಗಳಿಗೆ ನಿಂತು, ತಲೆ ಬಗ್ಗಿಸಿ ಹೋಗತೊಡಗಿದರು. ಮಂಜು ಮೆಟ್ಟಿಲಿಳಿದು ಅವರ ಕಾಲಡಿಯಲ್ಲಿ ಹರಡುತ್ತಿತ್ತು. ಕಾಯಿಲೆ ವಾರ್ಡಿಗೂ ಗೋರಿಗಳ ಬಯಲಿಗೂ ನಡುವಿನ ಯಾವುದೋ ಜಾಗದ ಹಾಗೆ ಅದು ಕಾಣುತ್ತಿತ್ತು. ಗೇಟು, ಕ್ಯಾಮೆರಾಗಳ ಮಾತು ಯಾರೂ ಎತ್ತಲಿಲ್ಲ. ಕ್ಯಾಮೆರಾಕ್ಕೆ ಚಕ್ಕೆ ಪುಡಿ ಸವರಲು ಬರುತ್ತದೆಯೇ?

ಗಿಲ್‌ಸುವಿನ ನೌಕರಿ ಉಳಿದಂತೆಯೇ. ಹಾಗೆಂದುಕೊಂಡು ಅವನು ಹದಿನೆಂಟರ ಬೆಳಗ್ಗೆ ತಟ್ಟೆಗಳನ್ನು ಪರೀಕ್ಷಿಸುತ್ತಿದ್ದಾಗ ಬಾನ್‌ನ ತಲೆಯಿಂದ ಒಂದು ಎಲೆ ತಾನಾಗಿ ಉದುರಿತು. ಎತ್ತಿ ನೋಡಿದ. ಕತ್ತಿನ ನಡುವೆ ಕಡುಗಂದು ಚುಕ್ಕೆ. ಕೊಳೆ ಒಳಗೇ ಉಳಿದಿತ್ತು, ಹತ್ತುತ್ತಿತ್ತು.

ಅವನು ನೇರ ಒಂಬತ್ತನೇ ಮಹಡಿಗೆ ಹೋಗಿ ವಿಷಯ ಹೇಳಿದ. "ಇನ್ನೊಂದು ಸಲ ಕೊಯ್ಯಬೇಕು ಸಾರ್."

"ನನ್ನ ಕತ್ತನ್ನ?" ಬಾನ್ ಪಿಸುಗುಟ್ಟಿದ. ಅದು ಸತ್ತ ತಾಯಿ ಬಿಟ್ಟುಹೋದ ಗಿಡ. ಮೊದಲೇ ಅವನಿಗೆ ಅದರ ಮೇಲೆ ಜೀವ. "ಎರಡನೇ ಸಲ ಚಾಕು ಮುಟ್ಟಿಸಿದ್ರೆ ನೋಡಿ. ನಾಡಿದ್ದು ಸಭೆ, ತಿಂಗಳ ಕೊನೆಗೆ ಕರಾರಿಗೆ ಸಹಿ ಹಾಕೋನು ನಾನು. ಅದು ಈಗ ಹೆಂಗಿದೆಯೋ ಹಂಗೇ ಇರ್ಬೇಕು."

ಕೊಳೆಗೆ ಈ ಆಜ್ಞೆ ತಲುಪಲಿಲ್ಲ. ಗಿಲ್‌ಸು ಸಂಜೆಯ ತನಕ ಕಾದು, ಕೋಣೆಯ ಚಿಲಕ ಹಾಕಿಕೊಂಡು ಕೊಯ್ದ. ಚುಕ್ಕೆ. ಇನ್ನಷ್ಟು ಮೇಲೆ ಕೊಯ್ದ. ಚುಕ್ಕೆ. ಬ್ಲೇಡು ಮೇಲೆ ಹೋದಷ್ಟೂ ಚುಕ್ಕೆಯೂ ಮೇಲೆ ಹೋಗುತ್ತಿತ್ತು, ಮನೆಯೊಳಗೆ ಕೋಣೆಯಿಂದ ಕೋಣೆಗೆ ಓಡುವವನ ಹಾಗೆ. ಕೊನೆಗೆ ಅಂಗೈಯಲ್ಲಿ ಉಳಿದದ್ದು ಬಿಡಿ ಬಿಡಿಯಾದ ಮೂರು ಎಲೆ.

ಇಂಥದ್ದೇ ಗಿಡ ತೊಂಬತ್ತೊಂದರಲ್ಲಿ ಇನ್ನೊಂದೇ ಇತ್ತು. ಬುನಿ ಅಜ್ಜಿಯದು. ಬಾನ್‌ನ ತಾಯಿ ತನ್ನ ಗಿಡದಿಂದಲೇ ಮುರಿದು ಅವಳಿಗೆ ಕೊಟ್ಟ ಕೊಂಬೆ. ಗಿಲ್‌ಸು ಹದಿಮೂರನೇ ಮಹಡಿಗೆ ಹೋದ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಜ್ಜಿ ಬೆಚ್ಚಗಿನ ನೆಲದ ಮೇಲೆ ಕೂತು ಸುಟ್ಟ ಗೆಣಸು ಸುಲಿಯುತ್ತಿದ್ದಳು. ಬಾನ್‌ನ ಗಿಡಕ್ಕಾದದ್ದನ್ನು ಗಿಲ್‌ಸು ಹೇಳಿದ.

"ಕಡ್ಡಿ ಬದಲಾಯಿಸೋಕೆ ನನ್ನ ಕೇಳೋಕೆ ಬಂದೆಯಾ? ಬದಲಾಯಿಸು. ಗೆಣಸು ತಗೋ."

"ಅಜ್ಜಿ, ನಿಮ್ಮ ಹೆಸರು ಕೊಳೆತ ಗಿಡಕ್ಕೆ ಹೋಗುತ್ತೆ. ಆ ದೂತ…"

"ಯಾವ ದೂತ?"

"ನೀವೇ ಹೇಳಿದ್ದು. ಪಟ್ಟಿ…"

ಅಜ್ಜಿ ನಗುತ್ತ ಕೆಮ್ಮಿದಳು. "ನಾನು ಆ ಪೂಜಾರಿಣಿ ಹಿಂದೆ ಡೋಲು ಹೊತ್ತೋಳು ಕಣೋ. ಬರೀ ಡೋಲು. ನನಗೇನು ಗೊತ್ತು ಪಟ್ಟಿ ಗಿಟ್ಟಿ? ಆ ನೆಲಮಾಳಿಗೇಲಿ ಕಾಲು ಮರಗಟ್ಟಿತ್ತು. ಏನಾದ್ರೂ ಹೇಳದೇ ಇದ್ರೆ ಅವರು ನನ್ನ ಮೇಲಕ್ಕೆ ಬಿಡ್ತಿರಲಿಲ್ಲ." ಒಂದು ತುಂಡು ಗೆಣಸು ಬಾಯಿಗೆ ಹಾಕಿಕೊಂಡು, ಬಾಗಿಲ ಕಡೆ ನೋಡುತ್ತ ಸಾವಧಾನವಾಗಿ ಅಗಿದಳು. "ಇನ್ನು ನಿಜವಾಗ್ಲೂ ಬರೋನು ಯಾವನಾದ್ರೂ ಇದ್ರೆ, ಅವನಿಗೇ ಅಂತ ಚಿಲಕ ಹಾಕದೇ ಮೂರು ವರ್ಷ ಆಯ್ತು. ಲಿಫ್ಟು ಈ ಮಹಡೀಲಿ ನಿಲ್ಲುತ್ತೆ, ಬಾಗಿಲು ತೆಗಿಯುತ್ತೆ, ಯಾರೂ ಇಳಿಯಲ್ಲ. ದಿನಾ ಎರಡು ಸಲ."

ಗಿಲ್‌ಸು ಗೆಣಸನ್ನು ಅಲ್ಲೇ ಬಿಟ್ಟು ಮೆಟ್ಟಿಲಲ್ಲಿ ಇಳಿದು ಬಂದು, ಎರಡು ಕಡ್ಡಿಗಳನ್ನೂ ಬದಲಾಯಿಸಿ, ಮೂರು ಎಲೆಗಳನ್ನು ಒಂದು ಕಾಗದದ ಲೋಟದಲ್ಲಿಟ್ಟ.

ಇಪ್ಪತ್ತನೇ ತಾರೀಕು ಸಭೆ ಸೊಗಸಾಗಿ ನಡೆಯಿತು. ಗೇಟು ಬೇಡ, ಕ್ಯಾಮೆರಾ ಬೇಡ, ಕಾವಲುಗಾರರು ಇರಲಿ ಎಂದು ಎಲ್ಲರೂ ಕೈ ಎತ್ತಿದರು. ಮೆಂಗ್ ಪ್ಲಾಸ್ಟರನ್ನೇ ಎತ್ತಿದಳು. ಬಾನ್ ಕೆಳಗಿಳಿದು ತನ್ನ ಹೆಸರಿನ ಕಡ್ಡಿಯ ಪಕ್ಕದ ಕೊಬ್ಬಿದ ಹಸಿರು ತಲೆಯನ್ನು ನೋಡಿ ತೃಪ್ತಿಪಟ್ಟ. "ನೋಡಿದ್ರಾ? ಚಾಕು ಬೇಡ ಅಂದೆ. ತಾನೇ ಸುಧಾರಿಸಿಕೊಳ್ತು."

ಇಪ್ಪತ್ತೆಂಟನೇ ತಾರೀಕು ಬೆಳಗ್ಗೆ ಹತ್ತು ಗಂಟೆಗೆ ಬಾನ್‌ನ ಹೆಂಡತಿ ಚಪ್ಪಲಿ ಅದಲು ಬದಲು ಹಾಕಿಕೊಂಡು ಗೂಡಿಗೆ ಓಡಿ ಬಂದಳು.

"ಯಜಮಾನ್ರೇ, ನಮ್ಮವರ ಗಿಡ ಒಂದ್ಸಲ ನೋಡಿ ಬನ್ನಿ. ಎದೆ ಹಿಡ್ಕೊಂಡು ಕೂತಿದಾರೆ. ಬೆವರ್ತಿದಾರೆ. ಎಡಗೈ ಮರಗಟ್ಟಿದೆ ಅಂತಾರೆ. ಆಂಬುಲೆನ್ಸ್ ಕರೀತೀನಿ ಅಂದ್ರೆ, ಮೊದಲು ಗಿಡ ನೋಡ್ಕೊಂಡು ಬಾ ಅಂತಾರೆ."

ಗಿಲ್‌ಸು ಇಳಿದು ನೋಡಿದ. ಬಾನ್‌ನ ಹೆಸರಿನ ಗಿಡ ಗಟ್ಟಿಮುಟ್ಟಾಗಿತ್ತು. ಕತ್ತಿನ ಸುತ್ತ ಗುಲಾಬಿ ಬೇರುಗಳು ಎಳೇ ಕೂದಲಿನ ಹಾಗೆ ಹೊರಟಿದ್ದವು. ಮೇಲೆ ಬಂದ.

"ಹೆಂಗಿದೆ?"

"ಚೆನ್ನಾಗಿದೆ," ಎಂದ ಗಿಲ್‌ಸು.

"ದೇವರು ದೊಡ್ಡವನು. ಹಂಗಾದ್ರೆ ಗ್ಯಾಸೇ ಇರ್ಬೇಕು. ಗಂಜಿ ಮಾಡ್ತೀನಿ." ಅವಳು ಲಿಫ್ಟು ಹತ್ತಿದಳು. ಬಾಗಿಲ ಮೇಲಿನ ಅಂಕಿಗಳು ಒಂದೊಂದಾಗಿ ಹೊತ್ತಿಕೊಂಡವು. ಐದು. ಆರು. ಏಳು. ಒಂಬತ್ತರಲ್ಲಿ ನಿಂತಿತು. ಕರಾರಿನ ಕಾಗದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಅದು ಬಾನ್‌ನ ಮನೆಯ ಮೇಜಿನ ಮೇಲೇ ಇತ್ತು. ಲಿಫ್ಟು ಮತ್ತೆ ಹೊರಟಿತು. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರರಲ್ಲಿ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಕೆಳಗಿಳಿಯತೊಡಗಿ, ಒಂಬತ್ತರಲ್ಲಿ ಮತ್ತೆ ನಿಂತಿತು.

ಗಿಲ್‌ಸು ನೆಲಮಾಳಿಗೆಗೆ ಓಡಿ ಮೂರು ಎಲೆಗಳಿದ್ದ ಕಾಗದದ ಲೋಟ ಎತ್ತಿಕೊಂಡು ಒಂಬತ್ತು ಮಹಡಿ ಮೆಟ್ಟಿಲು ಹತ್ತಿದ.

ಬಾನ್ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಮುಖ ಬೂದಿ ಬಣ್ಣ. ಗಿಲ್‌ಸು ಏದುಸಿರು ಬಿಡುತ್ತ ಲೋಟವನ್ನು ಮುಂದೆ ಹಿಡಿದ.

"ಸಾರ್, ಇದು ನೀವು."

"ಏನು?"

"ಕೆಳಗಿರೋದು ಬುನಿ ಅಜ್ಜಿ. ನಿಮ್ಮದು ಹದಿನೆಂಟನೇ ತಾರೀಕೇ ಕೊಳೆತುಹೋಯ್ತು. ನಾನು ಕೊಯ್ದೆ. ಕೊಯ್ದು ಕೊಯ್ದು ಇಷ್ಟೇ ಉಳಿದಿದ್ದು. ಕಡ್ಡಿ ಬದಲಾಯಿಸಿಟ್ಟೆ."

ಬಾನ್ ಲೋಟದೊಳಗೆ ಇಣುಕಿದ. ಮೂರರಲ್ಲಿ ಒಂದು ಎಲೆ ಒಣಗಿ ಸುರುಟಿತ್ತು. ಇನ್ನೊಂದು ನೀರಾಗಿತ್ತು. ಎರಡು ವಾರದಿಂದ ಕಟ್ಟಿದ್ದ ಅವನ ಗಂಟಲು ಅಲ್ಲೇ ಬಿಟ್ಟಿತು.

"ಆಂಬುಲೆನ್ಸ್ ಕರೀರೋ!" ಎಂದು ಅವನು ಕೂಗಿದ್ದು ಹನ್ನೆರಡನೇ ಮಹಡಿಗೆ ಕೇಳಿಸಿತು. "ಏಯ್ ಮೋಸಗಾರ! ಕಳ್ಳ! ನಿನ್ನ ಕರಾರು… ಮೊದಲು ಆಂಬುಲೆನ್ಸ್!"

ಸ್ಟ್ರೆಚರು ಲಿಫ್ಟಿನಲ್ಲಿ ಉದ್ದಕ್ಕೆ ಹಿಡಿಸಲಿಲ್ಲ. ಅವನನ್ನು ಓರೆಯಾಗಿ ನಿಲ್ಲಿಸಿಕೊಂಡೇ ಇಳಿಸಿದರು. ಒಂಬತ್ತೂ ಮಹಡಿ ಅವನು ಬೈಯುತ್ತಲೇ ಇಳಿದ. ಎದೆಯ ರಕ್ತನಾಳವೊಂದು ಮುಚ್ಚಿತ್ತಂತೆ. ಇನ್ನೊಂದು ಗಂಟೆ ತಡವಾಗಿದ್ದರೆ ಕಥೆ ಮುಗಿಯುತ್ತಿತ್ತಂತೆ.

ಆಮೇಲೆ ಕಟ್ಟಡದಲ್ಲಿ ಹೊಸ ಭಯ. ದಿನಕ್ಕೆ ಹತ್ತು ಜನ ಗೂಡಿನ ಕಿಟಕಿ ಬಡಿದು ತಗ್ಗಿದ ದನಿಯಲ್ಲಿ ಕೇಳುವರು: "ನಿಜ ಹೇಳಿ, ನನ್ನದು ನಾನೇನಾ?" ಮೆಂಗ್ ದಿನಕ್ಕೆರಡು ಸಲ ಕೇಳುತ್ತಿದ್ದಳು. ಡಿಸೆಂಬರ್ ಮುಗಿಯಿತು. ಸಹಿ ಹಾಕುವವನು ಆಸ್ಪತ್ರೆಯಲ್ಲಿದ್ದ. ಜನವರಿ ಒಂದರಿಂದ ಕಾಗದದ ಪ್ರಕಾರ ಗಿಲ್‌ಸುವೂ ಇರಲಿಲ್ಲ, ತಾಕ್‌ನೂ ಇರಲಿಲ್ಲ. ಇಬ್ಬರು ಇಲ್ಲದವರು ಸರದಿಯಲ್ಲಿ ಗೂಡಿನಲ್ಲಿ ಕೂತು ಪಾರ್ಸಲ್ ತೆಗೆದುಕೊಳ್ಳುತ್ತಿದ್ದರು.

"ಅಣ್ಣಾ, ಬಾಯಿ ಮುಚ್ಕೊಂಡಿದ್ರೆ ಕೆಲಸ ಉಳೀತಿತ್ತು," ಎಂದ ತಾಕ್.

"ಮುಚ್ಕೊಂಡಿದ್ದೆ ಕಣೋ. ಲಿಫ್ಟು ಒಂಬತ್ತಕ್ಕೆ ವಾಪಸ್ ಬಂತು."

ಹನ್ನೊಂದನೇ ತಾರೀಕು, ಮಂಜು ದಟ್ಟವಾಗಿದ್ದ ಒಂದು ಬೆಳಗ್ಗೆ, ಬಾನ್ ನೆಲಮಾಳಿಗೆಗೆ ಇಳಿದು ಬಂದ. ತೆಳ್ಳಗಾಗಿದ್ದ. ಕೈಯಲ್ಲಿ ಕರಾರಿನ ಕಾಗದ. ಬಾಗಿಲು ಹಾಕಿಕೊಂಡ.

"ಸುಳ್ಳು ಹೇಳಿದ್ರಿ, ಅದಕ್ಕೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ," ಎಂದ. "ಆಮೇಲೆ ನಿಜ ಹೇಳಿದ್ರಿ, ಅದಕ್ಕೆ ಕಳಿಸೋಕೂ ಆಗಲ್ಲ. ಹತ್ತು ದಿನ ಮಲಗಿ ಇದನ್ನೇ ಯೋಚಿಸಿದೀನಿ. ನಾನೆಲ್ಲಿ?"

ಗಿಲ್‌ಸು ಲೋಟ ತಂದ. ಒಂದೇ ಒಂದು ಎಲೆ ಉಳಿದಿತ್ತು. ಅದರ ಮುರಿದ ತುದಿಯಲ್ಲಿ ಉಗುರಿನಷ್ಟು ಉದ್ದದ ಗುಲಾಬಿ ಬೇರು, ಅದರ ಬುಡದಲ್ಲಿ ಎಳ್ಳಿನಷ್ಟು ಗಾತ್ರದ ಒಂದು ಹಸಿರು ಮೊಳಕೆ.

"ಇದು ಪೂರ್ತಿ ಗಿಡ ಆಗೋಕೆ ಎಷ್ಟು ದಿನ ಬೇಕು? ಅಷ್ಟು ದಿನಕ್ಕೆ ಕರಾರು ಬರೀತೀನಿ. ಇಬ್ಬರಿಗೂ."

"ಎರಡು ವರ್ಷ ಸಾರ್."

"ಆಸ್ಪತ್ರೇಲಿ ನಾನೂ ವಿಡಿಯೊ ನೋಡಿದೆ. ಒಂದು ವರ್ಷ ಅಂದ್ರು ಅದ್ರಲ್ಲಿ."

"ಅದು ದಕ್ಷಿಣದ ಕಡೆ ಸಾರ್, ಬಿಸಿಲಿರೋ ಊರಲ್ಲಿ. ಇಂಚಿಯಾನ್‌ನಲ್ಲಿ ಎರಡು. ಅದೂ ಯಾರೂ ನೀರು ಹಾಕದಿದ್ರೆ."

ಬಾನ್ ಗೊಣಗಿದ. ಮೊಟ್ಟೆಯ ತಟ್ಟೆಯ ಅಂಚಿನಲ್ಲಿ ಕಾಗದ ಇಟ್ಟುಕೊಂಡು ಎರಡು ವರ್ಷ ಎಂದು ಬರೆದ. ಸಹಿ ಹಾಕಲು ಬಗ್ಗಿದವನು ಅಲ್ಲೇ ನಿಂತ. ಪಂಪು ನಿಂತು ಬಹಳ ಹೊತ್ತಾಗಿತ್ತು. ತೊಂಬತ್ತು ತಲೆಗಳೂ ಅಲುಗದೆ ಕೂತಿದ್ದವು. ಅವನ ಕಣ್ಣು ಲೋಟದ ಮೇಲಿತ್ತು.

"ಪ್ಯೋ ಅವರೇ," ಎಂದ ಮೆಲ್ಲಗೆ, "ಆ ಬೇರು… ಈಗ ಅಲ್ಲಾಡ್ತಾ? ನನ್ನ ಕಡೆ?"

"ಇಲ್ಲ ಸಾರ್," ಎಂದ ಗಿಲ್‌ಸು.

ಬಾನ್ ಸಹಿ ಹಾಕಿದ. ಗಿಲ್‌ಸು ಕಾಗದ ಮಡಿಚಿ ಒಳಜೇಬಿಗೆ ಇಟ್ಟುಕೊಂಡು, ಗುಂಡಿ ಹಾಕಿ, ಆಮೇಲೆ ಲೋಟವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಟ್ಟ. ಅಲ್ಲಾಡಿದ್ದನ್ನು ಅವನೂ ನೋಡಿದ್ದ.